ಮುಂದೆ ಎಪ್ಪತ್ತು, ಹಿಂದೆ ಹದಿನೈದು

ನಮ್ಮ ದೊಡ್ಡತ್ತೆಯವರ, ಅಂದರೆ ನನ್ನ ಗಂಡನ ದೊಡ್ಡವ್ವನ ವಯಸ್ಸು ನೀವು ಯಾವ ಕಡೆ ನಿಂತಿದ್ದೀರಿ ಅನ್ನುವುದರ ಮೇಲೆ! ಮುಂದಿನಿಂದ ಎಪ್ಪತ್ತು ದಾಟಿದ ಮುದುಕಿ, ಜೋಳದ ಹಿಟ್ಟು ಚೆಲ್ಲಿದಂಥ ತಲೆ. ಹಿಂದಿನಿಂದ ನೋಡಿದರೋ, ಸೊಂಟ ಮುಟ್ಟುವ ಕರೀ ಜಡೆ, ತುದಿಗೆ ಕೆಂಪು ರಿಬ್ಬನ್ನು! ಎಲ್ಲಾ ಜಡೆಗೆ ಸೇರಿಸಿ ಹೆಣೆದ ಚವರಿಯ ಮಹಿಮೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣೆದುರು ಜಡೆ ಹಾಕಿಕೊಂಡು ಬೆಳೆದ ನನಗೂ ಅಷ್ಟು ನೀಟಾಗಿ ಬರುವುದಿಲ್ಲ.

ಒಮ್ಮೆ ಸಂಶಿ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ ಕೂಗಿದ: "ಏ ತಂಗೀ, ಮುಂದ ಸರಿಯವಾ, ಪಾಸ್ ತೋರಸು!"

ದೊಡ್ಡತ್ತೆ ತಿರುಗಿದರು. ಪಾಪ, ಸೀಟಿ ಅವನ ಬಾಯಲ್ಲೇ ಉಳಿಯಿತು. "ಸಾಲಿ ಬಿಟ್ಟು ಅರವತ್ತು ವರ್ಷ ಆತೋ ತಮ್ಮಾ, ಈಗ ಯಾವ ಪಾಸು?"

ನಾದಿನಿಯ ಮದುವೆಗೆ ಆ ಚವರಿ ಕೇಳಿದ್ದೆ. "ಬಂಗಾರ ಬೇಕಾರ ಒಯ್ಯಿ, ಇದನ್ನ ಮಾತ್ರ ಕೇಳಬ್ಯಾಡ" ಅಂದರು. ಜಿಪುಣತನಕ್ಕೂ ಒಂದು ಮಿತಿ ಬೇಡವೇ!

ಹೋದ ತಿಂಗಳು ಮಗಳ ಹೈಸ್ಕೂಲಿಗೆ ಸಂಶೋಧಕರು ಬಂದರು. ಹರೆಯದ ಮಕ್ಕಳ ಉಗುಳು ಬೇಕಂತೆ! ಲಿಂಗಾಯತರು, ಮುಸ್ಲಿಮರು, ಕುರುಬರು, ಎಲ್ಲರ ಮನೆಯ ಮಕ್ಕಳದ್ದೂ. ಒಪ್ಪಿಗೆ ಕೇಳಲು ತಾಯಂದಿರನ್ನು ಕರೆದರು. ಯಾರೂ ಕರೆಯದ ದೊಡ್ಡತ್ತೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದರು.

ತಂಡದ ಹುಡುಗಿ ವಿವರಿಸಿದಳು: "ನಮ್ಮ ಮೈಯೊಳಗೂ ತುಕ್ಕಿನಂಥದ್ದು ಹಿಡೀತದ್ರಿ. ಅದನ್ನ ತಡಿಯೋ ಕಿಣ್ವ ಇರತಾವ. ಅವನ್ನ ಮಾಡೋ ಜೀನು ತಂದಿ-ತಾಯಿಯಿಂದ ಬರತದ. ಒಂದೊಂದು ಸಮುದಾಯದಾಗ ಬ್ಯಾರೆ ಬ್ಯಾರೆ ಇರಬಹುದು, ಅದನ್ನ ನೋಡಾಕತ್ತೇವಿ."

"ತುಕ್ಕಿಗೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಬೇಕವಾ!" ಅಂದರು ದೊಡ್ಡತ್ತೆ.

ಬಾಜು ಮನೆಯ ಖಾಲಾ ಸೆರಗು ಬಾಯಿಗೊತ್ತಿಕೊಂಡಳು. "ಇವರ್ನೂ ತಗೋರಿ ಮೇಡಂ. ಹಿಂದಿಂದ ನೋಡಿದ್ರ ಹದಿನೈದೂ ತುಂಬಿಲ್ಲ!"

ಎಲ್ಲರೂ ನಕ್ಕೆವು. ದೊಡ್ಡತ್ತೆ ನಗಲಿಲ್ಲ.

"ತಾಯಿಯಿಂದ ಬರತದ ಅಂದ್ಯಲ್ಲ?" ಎಂದು ಕೇಳಿ, ಪಿನ್ನುಗಳನ್ನು ಒಂದೊಂದಾಗಿ ತೆಗೆದರು. ಚವರಿ ಬಿಚ್ಚಿ ಮೇಜಿನ ಮೇಲೆ ಮೆತ್ತಗೆ ಇಟ್ಟರು.

"ನನ್ನ ಮಗಳ ಕೂದಲಾ. ಜ್ವರದ ಜಡ್ಡಿನಾಗ ಜಡಿ ಕತ್ತರಿಸಿದ್ದೆ. ಹದಿನೈದರಾಗ ಹೋದ್ಲು. ಅದೇ ಜ್ವರ ಓಣಿ ಹುಡುಗರಿಗೆಲ್ಲಾ ಬಂದಿತ್ತು, ಎಲ್ಲಾ ಎದ್ದು ಆಡಿದ್ವು. ಇಕಿ ಏಳಲಿಲ್ಲ. 'ನಿನ್ನ ತವರುಮನಿ ರಕ್ತಾನ ಕೆಟ್ಟದ್ದು' ಅಂದ್ರು ಮನ್ಯಾಗ. ನೋಡಿ ಹೇಳವಾ, ನನ್ನಿಂದ ಹೋದ್ಲೇನು?"

ಅವರಿಗೊಬ್ಬಳು ಮಗಳಿದ್ದಳೆಂದು ಕೇಳಿದ್ದೆ, ಅಷ್ಟೆ. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಇಷ್ಟು ವರ್ಷ ಆ ಹುಡುಗಿಯ ಬೆನ್ನಹಿಂದೆಯೇ ನಗುತ್ತ ನಡೆದಿದ್ದೆ.

ತಂಡದ ಹುಡುಗಿ ಚವರಿಯನ್ನು ಎರಡೂ ಕೈಯಲ್ಲಿ ಎತ್ತಿ ವಾಪಸು ಕೊಟ್ಟಳು. "ಕತ್ತರಿಸಿದ ಕೂದಲಿನಾಗ ಆ ಜೀನು ನಮಗ ಸಿಗೂದಿಲ್ರಿ ಅಜ್ಜಿ. ನಿಮ್ಮಿಂದ ಅಂತ ಯಾರಿಗೂ ಹೇಳಾಕ ಬರೂದಿಲ್ಲ."

"ನನ್ನಿಂದ ಅಲ್ಲ ಅಂತಾದ್ರೂ ಹೇಳತೀಯೇನು?"

ಹುಡುಗಿ ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಅವರ ಅಂಗೈಗಿಟ್ಟಳು.

ಮರಳುವಾಗ ಅದೇ ಸಂಶಿ ಬಸ್ಸು, ಅದೇ ಕಂಡಕ್ಟರ್. ಚವರಿ ದೊಡ್ಡತ್ತೆಯ ಸೆರಗಿನೊಳಗಿತ್ತು. ಕುತ್ತಿಗೆಯ ಮೇಲೆ ನಿಂಬೆಕಾಯಿಯಷ್ಟು ಬಿಳೀ ತುರುಬು. ಅವನು ಹಿಂದಿನಿಂದಲೇ ಕೂಗಿದ: "ಅಜ್ಜೀ, ಇಲ್ಲೆ ಸೀಟ್ ಐತಿ, ಕುಂಡ್ರು ಬಾ."

ಕುಳಿತರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ಬೆನ್ನು ತಿರುಗಿಸಿ ಚವರಿಯನ್ನು ಕೈಗಿತ್ತರು. ಮೊದಲ ಸಲ ಮುಟ್ಟಿದೆ, ಸೀಗೆಕಾಯಿಯ ವಾಸನೆ. ರಸ್ತೆಯ ತಗ್ಗಿಗೆ ಬಸ್ಸು ಕುಲುಕಿತು.

"ಬಿಗಿ ಕಟ್ಟವಾ" ಅಂದರು, "ಕೂಸು ಬಿದ್ದೀತು."