ಅತ್ತೆಯ ಇಂಗ್ಲಿಷಿನಲ್ಲಿ ಒಬ್ಬರೇ ‘ಹಿ’

ಇಂಗ್ಲಿಷಿನಲ್ಲಿ ‘ಹಿ’ ಎಂದರೆ ಯಾರು ಗೊತ್ತೆ? ನಮ್ಮ ಮಾವ! ಅವರೊಬ್ಬರೇ! ಇದು ನನ್ನ ಸೋದರತ್ತೆಯ ವ್ಯಾಕರಣ. ತಾಯಿಯಿಲ್ಲದ ನನ್ನನ್ನು ಯಸಳೂರಿನಲ್ಲಿ ಸಾಕಿ, ಓದಿಸಿ, ಇಂಗ್ಲಿಷ್ ಟೀಚರ್ ಮಾಡಿದ ಪುಣ್ಯಾತ್ಗಿತ್ತಿ ಅರವತ್ತು ದಾಟಿದ ಮೇಲೆ ನನ್ನ ಮುಂದೆಯೇ ಸ್ಲೇಟು ಹಿಡಿದು ಕುಳಿತರು. ಯಾಕತ್ತೆ ಎಂದರೆ, “ಬೇಕಾಗ್ತದೆ ಕಣೇ” ಅಷ್ಟೇ.

ಮದುವೆಯಾದಂದಿನಿಂದ ಅವರ ಬಾಯಲ್ಲಿ ಗಂಡನ ಹೆಸರು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಪಕ್ಕದಲ್ಲಿ ನಿಂತವರೇ ಹೇಳಬೇಕು!

“ಇಂಗ್ಲಿಷ್ನೋರೂ ಹೆಸ್ರು ಹೇಳ್ದೆ ‘ಹಿ’ ಅಂತಾರಾ? ಮರ್ಯಾದಸ್ಥರು ಕಣೇ!”

“ಎಲ್ಲಾ ಗಂಡಸ್ರಿಗೂ ‘ಹಿ’ ಅನ್ನಬಹುದು ಅತ್ತೆ.”

“ಥೂ! ಇನ್ನೊಬ್ಬಳ ಗಂಡಂಗೆ ನಾನ್ಯಾಕೆ ಅನ್ಲಿ? ಕೇಳಿದೋರು ಏನಂದ್ಕತಾರೆ?”

ಹಾಗಾದರೆ ಕೆಲಸದವರ ಹಾಜರಿ ಹಾಕುವ ಎಸ್ಟೇಟ್ ರೈಟರ್? ‘ಇಟ್’! “ಇಟ್ ಕಮಿಂಗ್” ಎಂದು ಅಂಗಳದಿಂದ ಕೂಗಿದರೆ, ಬಂದದ್ದು ರೈಟರೋ ಹುಂಜವೋ ಎಂದು ನಾನು ಹೊರಗೆ ಹೋಗಿ ನೋಡಬೇಕು. ಹಸುವಿಗೆ ಮಾತ್ರ ‘ಶಿ’. “ಹಾಲು ಕೊಡೋಳ್ನ ‘ಇಟ್’ ಅಂದ್ರೆ ನಾಲ್ಗೆ ಬಿದ್ದೋಗ್ತದೆ!”

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಅಭಿನಯಿಸಿ ನಗಿಸಿದೆ. ಅತ್ತೆ ಎಂದು ಮಾತ್ರ ಹೇಳಲಿಲ್ಲ. ‘ನಮ್ಮೂರಲ್ಲೊಬ್ಬ ಹೆಂಗಸು’ ಎಂದೆ. ಬರೆಯುವಾಗ ಈಗಲೂ ಮುಖ ಸುಡುತ್ತದೆ.

ಒಂದು ದಿನ ನಾನು ಮರೆತ ಊಟದ ಡಬ್ಬಿ ಹಿಡಿದು ಅತ್ತೆ ಸಕಲೇಶಪುರದ ನಮ್ಮ ಶಾಲೆಯ ಸ್ಟಾಫ್ ರೂಮಿಗೇ ಬಂದುಬಿಟ್ಟರು! ಕಾಲಿಗೆ ತೋಟದ ಕೆಸರು, ಸೊಂಟಕ್ಕೆ ಎತ್ತಿ ಕಟ್ಟಿದ ಸೆರಗು. ಹೆಡ್‌ಮಿಸ್ “ಯಾರಿವರು?” ಎಂದರು.

“ತೋಟದ ಕೆಲಸದವರು” ಎಂದುಬಿಟ್ಟೆ.

ಅತ್ತೆ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಹೆಡ್‌ಮಿಸ್ ಕಡೆ ತಿರುಗಿ, “ಯೆಸ್ ಮೇಡಂ. ಶಿ ಗುಡ್ ಟೀಚರ್” ಎಂದು ಡಬ್ಬಿ ಮೇಜಿನ ಮೇಲಿಟ್ಟು ಹೊರಟರು.

ಗೇಟಿನ ಹತ್ತಿರ ಓಡಿ ಹಿಡಿದೆ. “ಹೌದು ಅಂತ ಯಾಕಂದ್ರಿ ಅತ್ತೆ?”

“ನಿನ್ ಮುಖ ಸಪ್ಪಗಾಗಿತ್ತಲ್ಲ. ‘ಶಿ ಈಸ್ ಮೈ ಡಾಟರ್’ ಅಂತ ನಿಮ್ ಮೇಡಮ್ಮಿಗೆ ಒಂದ್ಸಲ ಹೇಳ್ಬೇಕು ಅಂತ್ಲೇ ಕಲ್ತಿದ್ದು ಕಣೇ. ಬಸ್ಸಲ್ಲಿ ಪೂರಾ ಹೇಳ್ಕಂಡೇ ಬಂದೆ. ಹೋಗ್ಲಿ, ಊಟ ಆರೋಗ್ತದೆ, ನಡಿ.”

ನಾನು ಭೂಮಿಗಿಳಿದು ಹೋದೆ. ಅವರ ಕೈ ಹಿಡಿದು ಒಳಗೆ ಕರೆತಂದೆ. ಇಡೀ ಸ್ಟಾಫ್ ರೂಮು ನೋಡುತ್ತಿತ್ತು. ದಿನವೂ ಇಂಗ್ಲಿಷ್ ಕಲಿಸುವ ನನಗೆ ಒಂದು ಇಂಗ್ಲಿಷ್ ಪದವೂ ಹೊಳೆಯಲಿಲ್ಲ.

“ಮೇಡಂ, ಇವರು ನಮ್ಮಮ್ಮ” ಎಂದೆ.