ಉಂಗುರದ ಪೆಟ್ಟಿಗೆಗೆ ಸ್ವಂತ ಬೀಗ

ತಮ್ಮ ಮದುವೆಯಲ್ಲಿ ಉಂಗುರ ಕಳೆದುಹೋಗುವ ಮಾತೇ ಇಲ್ಲ ಎಂದು ಬೀಗದ ಮೇಷ್ಟ್ರು ಇಡೀ ಬೀದಿಗೆ ಕೇಳುವಂತೆ ಘೋಷಿಸಿದ್ದರು. ಅವರೇನೂ ಶಾಲೆಯ ಮೇಷ್ಟ್ರಲ್ಲ. ಬೀಗ ರಿಪೇರಿ ಅಂಗಡಿಯವರು. ಆದರೆ ಯಾರದೇ ಬಾಗಿಲು ತೆಗೆಯಲು ಹೋದರೂ ಸುಮ್ಮನೆ ತೆಗೆಯುವ ಪೈಕಿಯಲ್ಲ. ಬೀಗದ ಹೊಟ್ಟೆಯಲ್ಲಿ ಏನೇನಿದೆ ಎಂದು ಉದ್ದಕ್ಕೂ ಉಪನ್ಯಾಸ ಕೊಡುತ್ತಿದ್ದರು. ಅದಕ್ಕೇ ಆ ಹೆಸರು. ಅಂಗಡಿಯ ಬೋರ್ಡಿನ ಮೇಲೆ ಅವರೇ ಬರೆದಿದ್ದರು: ‘ನಾವು ತೆಗೆಯಲಾರದ ಬೀಗ ಇನ್ನೂ ಹುಟ್ಟಿಲ್ಲ.’

ಘೋಷಣೆಗೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಅಕ್ಕನ ಮದುವೆಯಲ್ಲಿ ಭಾವನ ಜೇಬಿನಿಂದ ಉಂಗುರ ಜಾರಿ, ಚರ್ಚಿನ ಬೆಂಚುಗಳ ಕೆಳಗೆ ಉರುಳಿಹೋಗಿ, ನೆಂಟರೆಲ್ಲ ಹೊಸ ಬಟ್ಟೆಯಲ್ಲಿ ಅಂಬೆಗಾಲಿಟ್ಟು ಹುಡುಕಿದ್ದರು. ಆ ಫಜೀತಿ ತಮಗೆ ಬೇಡವೆಂದು ಮೇಷ್ಟ್ರು ಅಂಗೈಯಗಲದ ಹಿತ್ತಾಳೆ ಪೆಟ್ಟಿಗೆ ಮಾಡಿದರು. ಅದಕ್ಕೆ ಹದಿನೈದು ದಿನ ಊಟ ನಿದ್ದೆ ಬಿಟ್ಟು ಒಂದು ಬೀಗವನ್ನೂ ಸೃಷ್ಟಿಸಿದರು. ಮುಚ್ಚಳ ಒತ್ತಿದರೆ ಸಾಕು, ಟಕ್ ಎಂದು ತಾನೇ ಬಿದ್ದುಕೊಳ್ಳುವ ಬೀಗ!

"ಕೀಲಿಕೈ ಇಲ್ಲದೆ ಇದನ್ನ ನಾನೇ ತೆಗೆಯೋಕಾಗಲ್ಲ, ಗೊತ್ತಾ?" ಎಂದು ಅಕ್ಕನ ಮುಂದೆ ಬೀಗಿದರು.

"ಹಾಗಾದ್ರೆ ಬೋರ್ಡು ಅಳಿಸ್ತೀಯೇನೋ?" ಎಂದಳು ಅಕ್ಕ.

ಇನ್ನು ವಧುವಿನ ವಿಚಾರ. ಅಂಗಡಿಯ ಎದುರಿಗಿನ ಬೇಕರಿ ಅವಳದು. ಹಿಂದಿನ ವರ್ಷ ಒಂದು ಬೆಳಿಗ್ಗೆ ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು, ಕೈಯೆಲ್ಲ ಮೈದಾಹಿಟ್ಟು ಮಾಡಿಕೊಂಡು ಓಡಿಬಂದಳು. ಮೇಷ್ಟ್ರು ಬಾಗಿಲ ಮುಂದೆ ಮಂಡಿಯೂರಿ, ತಂತಿ ತೂರಿಸಿ, ಪಾಠ ಶುರುಮಾಡಿದರು. ಒಳಗೆ ಐದು ಹಲ್ಲುಗಳಿರುತ್ತವೆ, ನಾಲ್ಕು ಹೇಳಿದ ಮಾತು ಕೇಳುತ್ತವೆ, ಮೂರನೆಯದು ಮಾತ್ರ ನಾಚಿಕೆ ಸ್ವಭಾವದ್ದು, ಅದಕ್ಕೆ ಬಲ ಹಾಕಬಾರದು, ಕಾಯಬೇಕು. ಅವಳು ಪಕ್ಕದಲ್ಲೇ ಕೂತು ಕಣ್ಣರಳಿಸಿ ಕೇಳಿದಳು. ಉಳಿದ ಗಿರಾಕಿಗಳೆಲ್ಲ ಮೊದಲು ಬಾಗಿಲು ತೆಗೀರಿ ಸ್ವಾಮಿ ಎನ್ನುವವರೇ. ಹೀಗೆ ಕೇಳಿದವರು ಅವರ ಜನ್ಮದಲ್ಲಿ ಇವಳೊಬ್ಬಳೇ.

ಮುಂದಿನ ತಿಂಗಳು ಅವಳು ಮತ್ತೆ ಕೀಲಿಕೈ ಒಳಗೆ ಬಿಟ್ಟಳು. ಆಮೇಲೆ ಮತ್ತೊಮ್ಮೆ. ಮೇಷ್ಟ್ರು ಮೊದಲೆರಡು ಸಲ ಇದ್ದ ಬಟ್ಟೆಯಲ್ಲಿ ಹೋದರು, ಮೂರನೇ ಸಲದಿಂದ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋದರು. ಏಳನೇ ಸಲ ಬಾಗಿಲು ತೆಗೆದು, ಚಿಲಕವನ್ನೇ ನೋಡುತ್ತ, ಇಷ್ಟು ಮರೆವಿರುವವರಿಗೆ ಜೊತೆಗೊಬ್ಬರು ಇದ್ದರೆ ಒಳ್ಳೆಯದು ಎಂದು ಹೇಗೋ ಹೇಳಿ ಮುಗಿಸಿದರು. ಅವಳು ತಕ್ಷಣ ಒಪ್ಪಿದಳು. ಬೀಗ ತೆಗೆಯಲು ಹೋದವನು ಬೀಗತನ ಬೆಳೆಸಿ ಬಂದ ಎಂದು ಅಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕಳು. ಪಾಪ, ಹುಡುಗಿಗೆ ಮರೆವು ಜಾಸ್ತಿ, ಇನ್ನು ಎಲ್ಲವನ್ನೂ ತಾವೇ ಜ್ಞಾಪಿಸಬೇಕಲ್ಲ ಎಂಬುದೊಂದೇ ಮೇಷ್ಟ್ರ ಚಿಂತೆ.

ಮದುವೆಯ ದಿನ ಚರ್ಚು ಕಿಕ್ಕಿರಿದಿತ್ತು. ಅರ್ಧ ಜನ ಮೇಷ್ಟ್ರ ಬೀಗ ನಂಬಿ ಮನೆ ಬಿಟ್ಟು ಬಂದವರು, ಇನ್ನರ್ಧ ಅವಳ ಬ್ರೆಡ್ಡು ತಿಂದು ಬೆಳೆದವರು. ಹಾಡು ಮುಗಿಯಿತು. ಪಾದ್ರಿಗಳು ಉಂಗುರ ಕೇಳಿದರು. ಮೇಷ್ಟ್ರು ರಾಜಗಾಂಭೀರ್ಯದಿಂದ ಪೆಟ್ಟಿಗೆ ಹೊರತೆಗೆದು, ಕೀಲಿಕೈಗೆಂದು ಇನ್ನೊಂದು ಜೇಬಿಗೆ ಕೈ ಹಾಕಿದರು. ಇರಲಿಲ್ಲ. ಒಳಜೇಬಿನಲ್ಲಿ ಇರಲಿಲ್ಲ. ಪ್ಯಾಂಟಿನ ನಾಲ್ಕೂ ಜೇಬಿನಲ್ಲಿ ಇರಲಿಲ್ಲ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಎರಡು ಉಂಗುರ ಇರಬೇಕಾದ ಕಡೆ ಮೂರು ಸಾಮಾನಿನ ಸದ್ದು!

ಆಗ ನೆನಪಾಯಿತು. ಬೆಳಿಗ್ಗೆ ಸೂಟು ತೊಡುವ ಗಡಿಬಿಡಿಯಲ್ಲಿ ಕೀಲಿಕೈ ಎಲ್ಲಿಯಾದರೂ ಬಿದ್ದೀತೆಂದು ಹೆದರಿ, ಅದನ್ನು ತಮಗೆ ಗೊತ್ತಿದ್ದ ಅತ್ಯಂತ ಭದ್ರವಾದ ಜಾಗದಲ್ಲಿಟ್ಟು ಮುಚ್ಚಳ ಒತ್ತಿದ್ದರು.

ರಿಪೇರಿ ಸಾಮಾನಿನ ಚೀಲವನ್ನು, ಮದುವೆಗೆ ಇದೊಂದು ಕೇಡು ಎಂದು ಅಕ್ಕ ಮನೆಯಲ್ಲೇ ಕಿತ್ತಿಟ್ಟುಕೊಂಡಿದ್ದಳು. ಮೇಷ್ಟ್ರು ಟೈಗೆ ಸಿಕ್ಕಿಸಿದ್ದ ಪಿನ್ನು ಕಿತ್ತು ಬೀಗಕ್ಕೆ ತೂರಿಸಿದರು. ಅದು ಬಾಗಿತು. ನೆಟ್ಟಗೆ ಮಾಡಿ ಮತ್ತೆ ತೂರಿಸಿದರು, ಬೆವರಿದ ಬೆರಳಿನಿಂದ ಜಾರಿಬಿತ್ತು. ಹಿಂದಿನ ಬೆಂಚಿನ ಇಬ್ಬರು ತಮ್ಮ ಮನೆಯ ಬೀಗ ನೆನಪಾಗಿ ಮೆಲ್ಲಗೆ ಎದ್ದುಹೋದರು.

ಪಾದ್ರಿಗಳು ಗಡಿಯಾರ ನೋಡಿಕೊಂಡರು. "ಹನ್ನೊಂದಕ್ಕೆ ಇನ್ನೊಂದು ಮದುವೆ ಇದೆ ಮಗನೇ. ಹತ್ತು ನಿಮಿಷ ಕಾಯ್ತೀನಿ. ಆಮೇಲೆ ನಿಮ್ಮದು ಮುಂದಿನ ಶನಿವಾರಕ್ಕೇ."

ಮೇಷ್ಟ್ರಿಗೆ ಅಳುವೇ ಬಂತು. ಮೂವತ್ತೈದು ವರ್ಷ ಕಾದು ದೊರಕಿದ ಮದುವೆ, ತಾವೇ ಮಾಡಿದ ಬೀಗದಿಂದ ಕೈತಪ್ಪುತ್ತಿದೆ!

"ಇಲ್ಲಿ ಕೊಡಿ," ಎಂದಳು ವಧು.

ಹೂಗೊಂಚಲನ್ನು ಅಕ್ಕನ ಕೈಗಿತ್ತು, ಮುಸುಕು ಹಿಂದೆ ಸರಿಸಿ, ತುರುಬಿನಿಂದ ಒಂದು ಹೇರ್‌ಪಿನ್ ಎಳೆದಳು. ಎರಡು ಗಂಟೆ ಕೂತು ಕಟ್ಟಿಸಿದ ತುರುಬು ಒಂದು ಕಡೆಗೆ ಕುಸಿಯಿತು. ಪಿನ್ನನ್ನು ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡಿ ಬೀಗದೊಳಗೆ ಬಿಟ್ಟಳು. ದಿನವೂ ಹಿಟ್ಟು ನಾದುವ ಆ ಕೈ ಒಂದಿಷ್ಟೂ ಜಾರಲಿಲ್ಲ. ಮೇಷ್ಟ್ರಿಗೆ ಅಂಥ ಹೊತ್ತಿನಲ್ಲೂ ಪಾಠದ ಚಪಲ.

"ಅದರಲ್ಲಿ ಮೂರನೆಯದು..."

"ನಾಚಿಕೆ ಸ್ವಭಾವದ್ದು. ಬಲ ಹಾಕಬಾರದು, ಕಾಯಬೇಕು. ಗೊತ್ತು."

ಟಕ್ ಎಂದಿತು. ಮುಚ್ಚಳ ತೆರೆಯಿತು. ಉಂಗುರಗಳ ಮೇಲೆ ಕೀಲಿಕೈ ಆರಾಮವಾಗಿ ಮಲಗಿತ್ತು. ಮೊದಲು ನಕ್ಕವರು ಪಾದ್ರಿಗಳು; ಆಮೇಲೆ ಚರ್ಚಿಗೆ ಚರ್ಚೇ ನಕ್ಕಿತು.

"ಇದೆಲ್ಲ ಯಾವಾಗ ಕಲಿತ್ರಿ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಎರಡನೇ ಸಲಕ್ಕೇ."

"ಮತ್ತೆ ಏಳು ಸಲ ಕರೆದಿರಲ್ಲ?"

"ಬಾಗಿಲು ತೆಗೆಯೋದು ಸುಲಭ ಇತ್ತು. ಮದುವೆ ಮಾತಿಗೆ ನಿಮ್ಮ ಬಾಯಿ ತೆಗೆಸೋಕೆ ಏಳು ಸಲ ಬೇಕಾಯ್ತು. ಈಗ ಅದನ್ನ ಮುಚ್ಚಿಕೊಂಡು ಬೆರಳು ಕೊಡಿ, ರೀ."

ಮೇಷ್ಟ್ರು ಬೆರಳು ಕೊಟ್ಟರು. ಅಷ್ಟು ನಾಚಿಕೆಯೂ ಅಷ್ಟು ಸಂತೋಷವೂ ಅವರಿಗೆ ಒಟ್ಟಿಗೆ ಎಂದೂ ಆಗಿರಲಿಲ್ಲ.

ಮರುವಾರ ಅಂಗಡಿ ತೆರೆಯಲು ಬಂದು ನೋಡುತ್ತಾರೆ, ಬೋರ್ಡು ಅಳಿಸಿರಲಿಲ್ಲ. ‘ನಾವು ತೆಗೆಯಲಾರದ ಬೀಗ ಇನ್ನೂ ಹುಟ್ಟಿಲ್ಲ’ ಎಂಬುದರ ಕೆಳಗೆ, ಕೇಕಿನ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ ಹೊಸ ಸಾಲೊಂದು ಸೇರಿತ್ತು: ‘ಹುಟ್ಟಿದ್ದರೆ ಎದುರಿನ ಬೇಕರಿಗೆ ತನ್ನಿ.’