ಸ್ಟೇಷನ್ ಮಾಸ್ಟರರ ಕೋಟಿನಲ್ಲಿ ಬಾಣಂತನ

ದರ್ಜಿ ಬೆಳಿಗ್ಗೆ ಅಂಗಡಿಯ ದೀಪ ಹಾಕಿದಾಗ ಸ್ಟೇಷನ್ ಮಾಸ್ಟರರ ಹೊಸ ಕೋಟು ಉಸಿರಾಡುತ್ತಿತ್ತು.

ಕಣ್ಣುಜ್ಜಿಕೊಂಡು ಬುಟ್ಟಿಯ ಹತ್ತಿರ ಹೋದ. ಹಿಂದಿನ ರಾತ್ರಿ ಇಸ್ತ್ರಿ ಮಾಡಿ, ಮಡಿಸಿ, ಆ ಬುಟ್ಟಿಯಲ್ಲಿಟ್ಟು ಮಲಗಿದ್ದ. ಈಗ ಕೋಟಿನ ಮಡಿಕೆಯೊಳಗೆ ಬಿಳಿ ತುಪ್ಪುಳಿನ ಹಾಸಿಗೆ. ಅದರಲ್ಲಿ ಕಣ್ಣು ಬಿಡದ, ಮೈಮೇಲೆ ಕೂದಲಿಲ್ಲದ ಆರು ಮೊಲದ ಮರಿಗಳು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಮೊಲ, ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಬೆನ್ನು ತಿರುಗಿಸಿಕೊಂಡು ಎಲೆಕೋಸು ಕಡಿಯುತ್ತಿತ್ತು.

ಹೋದ ವಾರ ಆ ಮೊಲವನ್ನು ತಂದುಕೊಟ್ಟವನು ಎದುರಿನ ಫೋಟೊ ಸ್ಟುಡಿಯೋದವನು. ದರ್ಜಿ ಕೂಗಿದ ರಭಸಕ್ಕೆ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

"ಗಂಡು ಮೊಲ ಅಂತ ಗ್ಯಾರಂಟಿ ಕೊಟ್ಟಿದ್ದೆಯಲ್ಲೋ!"

"ಮುಖ ನೋಡಿದ್ರೆ ಗಂಡಿನ ಹಾಗೇ ಇತ್ತಪ್ಪ," ಎಂದ ಅವನು ಬ್ರಷ್ ತೆಗೆದು. "ಮುಖ ನೋಡೋದೇ ನನ್ನ ಕೆಲಸ ತಾನೇ?"

ದರ್ಜಿಗೆ ಜಗಳವಾಡುವ ಪುರುಸೊತ್ತಿರಲಿಲ್ಲ. ಅವತ್ತು ಸ್ಟೇಷನ್ ಮಾಸ್ಟರರ ನಿವೃತ್ತಿ. ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಬೀಳ್ಕೊಡುಗೆ, ಭಾಷಣ, ಹಾರ. ಅವರ ಹೊಟ್ಟೆ ಅವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದುದರಿಂದ ಸಿದ್ಧ ಉಡುಪಿನ ಯಾವ ಅಂಗಡಿಯ ಕೋಟೂ ಅವರಿಗೆ ಆಗುತ್ತಿರಲಿಲ್ಲ. ಈ ಕೋಟು ಇಲ್ಲವೆಂದರೆ ಅವರಿಗೆ ಕೋಟೇ ಇಲ್ಲ.

ಮರಿಗಳನ್ನೆತ್ತಿ ಬೇರೆ ಕಡೆ ಇಟ್ಟರಾಯಿತು ಎಂದು ದರ್ಜಿ ಕೈ ಚಾಚಿದ.

"ಮುಟ್ಟಬೇಡ!"

ಮಹಡಿ ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದಿದ್ದರು. ಬೀದಿಯಲ್ಲಿ ಯಾರ ಮನೆಯ ಪಾತ್ರೆ ಬಿದ್ದರೂ ಅವರಿಗೆ ಕೇಳಿಸುತ್ತದೆ, ಕೇಳಿಸಿದ ಮೇಲೆ ಸಲಹೆ ಕೊಡದೆ ಇರಲಾಗುವುದಿಲ್ಲ.

"ಮನುಷ್ಯರ ವಾಸನೆ ತಗುಲಿದ್ರೆ ತಾಯಿ ಮರೀನ ಹತ್ತಿರಕ್ಕೇ ಸೇರಿಸಲ್ಲ. ಆರು ಜೀವ ಕಣಯ್ಯ! ನಿನ್ನ ತಲೆಗೇ ಸುತ್ತಿಕೊಳ್ಳುತ್ತೆ, ನೋಡು."

ದರ್ಜಿ ಕೈ ಹಿಂದೆಗೆದ. ಆಮೇಲೆ ಕೋಲಿನ ತುದಿಯಿಂದ ಕೋಟಿನ ತೋಳನ್ನು ಮೆಲ್ಲಗೆ ಎಳೆದು ನೋಡಿದ. ಮೂಲೆಯಲ್ಲಿದ್ದ ಮೊಲ ಹಿಂಗಾಲಿನಿಂದ ನೆಲಕ್ಕೆ ಧಪ್ಪನೆ ಬಡಿಯಿತು. ಮೂವರೂ ಬೆಚ್ಚಿಬಿದ್ದರು. "ಬೇಡ ಅಂತಿದೆ, ಗೊತ್ತಾಯ್ತಾ?" ಎಂದರು ಅಜ್ಜಿ.

ಹೆಂಡತಿಯಿದ್ದಿದ್ದರೆ ಏನಾದರೂ ದಾರಿ ತೋರಿಸುತ್ತಿದ್ದಳು. ಆಕೆ ಹೆರಿಗೆ ವಾರ್ಡಿನ ನರ್ಸ್. ನಸುಕಿನಲ್ಲೇ ಡ್ಯೂಟಿಗೆ ಹೋಗಿಯಾಗಿತ್ತು. ಫೋನ್ ಮಾಡಿದರೆ ಅದು ಒಳಮನೆಯ ಕಪಾಟಿನಲ್ಲೇ ರಿಂಗಣಿಸಿತು.

ಇನ್ನು ಉಳಿದದ್ದು ಒಂದೇ ದಾರಿ, ಹೊಸ ಕೋಟು ಹೊಲಿಯುವುದು. ಸ್ಟೇಷನ್ ಮಾಸ್ಟರರು ಆರಿಸಿದ್ದ ಬೂದು ಉಣ್ಣೆಯ ಬಟ್ಟೆ ಊರಿನಲ್ಲಿ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ದರ್ಜಿಯ ಬೀರುವಿನಲ್ಲಿ ಮಾತ್ರ. ಊರಿಗೆಲ್ಲ ಕೋಟು ಹೊಲಿದ ಅವನಿಗೆ ತನ್ನದೆಂಬ ಒಂದು ಕೋಟು ಇರಲಿಲ್ಲ. ಈ ಸಲ ಮನಸ್ಸು ಗಟ್ಟಿಮಾಡಿ, ಅದೇ ಥಾನಿನಿಂದ ತನಗೂ ಒಂದಿಷ್ಟು ಕತ್ತರಿಸಿ ತಂದಿಟ್ಟಿದ್ದ. ಆಗಾಗ ಬೀರು ತೆರೆದು ಅದನ್ನು ಸವರಿ ಮುಚ್ಚುತ್ತಿದ್ದ. ಈಗ ಅದನ್ನು ಮೇಜಿನ ಮೇಲೆ ಹರಡಿದಾಗ ಅವನಿಗೆ ನಿಜವಾಗಿಯೂ ಅಳು ಬಂತು. ಕತ್ತರಿ ಹಾಕಿದ. ಆ ಹೊಟ್ಟೆ ಬಟ್ಟೆಯನ್ನೆಲ್ಲ ನುಂಗಿತು, ಕರವಸ್ತ್ರಕ್ಕಾಗುವಷ್ಟೂ ಮಿಗಲಿಲ್ಲ.

ಯಂತ್ರ ತುಳಿಯಲು ಕೂತ ಕೂಡಲೇ ಅಜ್ಜಿ ಕಿವಿ ಮುಚ್ಚಿಕೊಂಡರು. "ಈ ಗಡಗಡ ಸದ್ದಿಗೆ ಮರಿಗಳ ಎದೆ ಒಡೆದು ಹೋಗುತ್ತಪ್ಪಾ!"

ಯಂತ್ರ ಬೀದಿಗೆ ಬಂತು. ಫುಟ್‌ಪಾತಿನ ಮೇಲೆ, ಬಿಸಿಲಿನಲ್ಲಿ, ಬರುವವರೂ ಹೋಗುವವರೂ "ಏನಿದು, ಅಂಗಡಿ ಖಾಲಿ ಮಾಡಿಸಿದ್ರಾ?" ಎಂದು ಮರುಗುತ್ತಿರಲು ದರ್ಜಿ ಹೊಲಿದ. ಅಳತೆ ನೋಡಲು ಫೋಟೊದವನ ಹೊಟ್ಟೆಗೆ ಎರಡು ದಿಂಬು ಕಟ್ಟಿ ನಿಲ್ಲಿಸಿದ. ಅವನು ನೆಟ್ಟಗೆ ನಿಲ್ಲುವ ಬದಲು ದಾರಿಹೋಕರಿಗೆ ಹಸಿರು ಬಾವುಟ ಬೀಸುವಂತೆ ಕೈ ಆಡಿಸುತ್ತಿದ್ದ. ಸೂಜಿ ಅವನಿಗೆ ಚುಚ್ಚಿದ್ದು ಕೈತಪ್ಪಿಯೇ ಎಂದು ದರ್ಜಿ ಇಂದಿಗೂ ಹೇಳುತ್ತಾನೆ.

ಮಧ್ಯಾಹ್ನ ಪಕ್ಕದ ಔಷಧಿ ಅಂಗಡಿಯಾಕೆ ಬಂದು ಬುಟ್ಟಿ ಇಣುಕಿದಳು. "ಬೆಳಿಗ್ಗೆಯಿಂದ ತಾಯಿ ಹತ್ತಿರಕ್ಕೂ ಬಂದಿಲ್ವಾ? ಅಯ್ಯೋ, ಮರಿಗಳು ಹಸಿದು ಸಾಯ್ತವೆ. ಯಾರೋ ಮುಟ್ಟಿರಬೇಕು."

ಎಲ್ಲರೂ ದರ್ಜಿಯ ಕಡೆ ನೋಡಿದರು.

"ನಾನು ಕೋಲಲ್ಲಿ ಮುಟ್ಟಿದ್ದು!"

"ಕೋಲು ಹಿಡಿದಿದ್ದು ನಿನ್ನ ಕೈಯೇ ಅಲ್ವಾ?" ಎಂದರು ಅಜ್ಜಿ.

ಅಲ್ಲಿಂದಾಚೆ ಅವನು ಒಂದು ತೋಳು ಹೊಲಿಯುವುದು, ಎದ್ದು ಹೋಗಿ ಮರಿಗಳು ಉಸಿರಾಡುತ್ತಿವೆಯೇ ಎಂದು ನೋಡುವುದು, ಮೊಲಕ್ಕೆ ಕೈಮುಗಿಯುವುದು, ಮತ್ತೆ ಬಂದು ಕಾಲರ್ ಹೊಲಿಯುವುದು. ಊಟದ ನೆನಪೂ ಆಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಗುಂಡಿ ಕೂತಿತು. ಸ್ಟೇಷನ್ ಮಾಸ್ಟರರು ಬಂದರು, ತೊಟ್ಟರು, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿದರು. "ಇದು ಕೋಟು ಅಂದ್ರೆ! ಆತುರ ಮಾಡದೆ ನಿಧಾನವಾಗಿ ಹೊಲಿದಿದ್ದು ಗೊತ್ತಾಗುತ್ತೆ ನೋಡಿ," ಎಂದು ಬೆನ್ನು ತಟ್ಟಿ ಹೊರಟರು. ದರ್ಜಿ ಅವರ ಬೆನ್ನಿನ ಮೇಲಿದ್ದ ತನ್ನ ಬಟ್ಟೆಯನ್ನು ತಿರುವು ದಾಟುವವರೆಗೂ ನೋಡಿದ. ಹೋಗಲಿ, ಆರು ಜೀವ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಅವರು ಅತ್ತ ಹೋಗುತ್ತಲೇ ಹೆಂಡತಿ ಇತ್ತ ಬಂದಳು. ಚೀಲ ಕೆಳಗಿಟ್ಟು, ಸೀದಾ ಬುಟ್ಟಿಗೆ ಕೈ ಹಾಕಿ, ಒಂದು ಮರಿಯನ್ನು ಅಂಗೈ ಮೇಲೆ ಎತ್ತಿಕೊಂಡಳು. ಅಜ್ಜಿ ಕಿಟಾರನೆ ಕಿರುಚಿದರು. ಮೊಲ ಒಮ್ಮೆ ನೋಡಿ, ಮತ್ತೆ ಎಲೆಕೋಸಿಗೆ ಬಾಯಿ ಹಾಕಿತು.

"ಮುಟ್ಟಿದ್ರೆ ತಾಯಿ ಸೇರಿಸಲ್ವಂತೆ ಕಣೇ!" ಎಂದ ದರ್ಜಿ.

"ಯಾರು ಹೇಳಿದ್ದು? ಬೆಳಿಗ್ಗೆ ಎಲ್ಲಾ ಮರೀನೂ ತುಪ್ಪುಳಿನ ಸಮೇತ ಎತ್ತಿ ಇದರಲ್ಲಿ ಮಲಗಿಸಿದ್ದೇ ನಾನು. ಮೇಜಿನ ಕೆಳಗೆ ತಣ್ಣನೆ ನೆಲದಲ್ಲಿ ಹಾಕಿತ್ತು ಪಾಪ. ಆಮೇಲೆ ಅದೇ ಬಂದು ಹಾಲು ಕುಡಿಸ್ತು. ದಿನಕ್ಕೆ ಒಂದೆರಡು ಸಲ ಅಷ್ಟೇ ಅದು ಕುಡಿಸೋದು. ಹೊಟ್ಟೆ ನೋಡಿ, ಹೇಗೆ ಗುಂಡಗಿದೆ."

ದರ್ಜಿ ಬಗ್ಗಿ ನೋಡಿದ. ಗುಂಡಗೇ ಇತ್ತು.

"ಎದ್ದ ಮೇಲೆ ಇವನ್ನ ಪೆಟ್ಟಿಗೆಗೆ ಹಾಕಿ, ಕೋಟಿಗೆ ಸ್ವಲ್ಪ ಬ್ರಷ್ ಹೊಡೀರಿ ಅಂತ ಹೇಳಿಯೇ ಹೋದೆನಲ್ಲ. ನಿದ್ದೆಗಣ್ಣಲ್ಲಿ ಹೂಂ ಅಂದ್ರಿ. ಅವರು ಕೋಟಿಗೆ ಬರೋ ಹೊತ್ತಾಯ್ತು, ಇವು ಇನ್ನೂ ಇದರಲ್ಲೇ ಇವೆ!"

ಆಗಲೇ ಒಲೆಯ ಮೇಲೆ ಹಾಲಿಟ್ಟ ನೆನಪಾಗಿ ಅಜ್ಜಿ ಮೆಟ್ಟಿಲು ಹತ್ತಿದರು. ಫೋಟೊದವನು ದಿಂಬುಗಳ ಸಮೇತ ರಸ್ತೆ ದಾಟಿದ.

"ಅಲ್ಲ ಕಣೇ," ಎಂದ ದರ್ಜಿ, "ಮಲಗಿಸೋಕೆ ನಿನಗೆ ಆ ಕೋಟೇ ಬೇಕಿತ್ತಾ?"

"ಬೆಚ್ಚಗಿರೋದು ಅಂತ ಇದ್ದಿದ್ದೇ ಎರಡು. ಅವರ ಕೋಟು, ಇಲ್ಲಾಂದ್ರೆ ಬೀರುವಿನಲ್ಲಿರೋ ನಿಮ್ಮ ಬಟ್ಟೆ." ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಳು. "ನೀವು ಎಷ್ಟು ಆಸೆಪಟ್ಟು ತಂದಿದ್ದು ಅಂತ ನನಗೆ ಗೊತ್ತಿಲ್ವಾ? ಅದು ಹಾಳಾಗೋದು ಬೇಡ ಅಂತಾನೇ ಅವರ ಕೋಟು ತಗೊಂಡೆ. ನಾಳೆ ನನಗೆ ರಜೆ. ಬೇರೆಯವರ ಕೆಲಸ ಎಲ್ಲಾ ಬದಿಗಿಟ್ಟು ನಾಳೆ ನಿಮ್ಮದನ್ನ ಹೊಲಿದುಕೊಳ್ಳಿ. ಗುಂಡಿ ನಾನು ಹಾಕ್ತೀನಿ. ಎಲ್ಲಿ, ಬಟ್ಟೆ ತೆಗೀರಿ, ನೋಡೋಣ."

ಸ್ಟೇಷನ್ನಿನ ಕಡೆಯಿಂದ ಜೋರಾಗಿ ಚಪ್ಪಾಳೆ ಕೇಳಿಬಂತು.

"ಅಲ್ಲಿದೆ," ಎಂದು ದರ್ಜಿ ಆ ಕಡೆಗೆ ಬೆರಳು ತೋರಿಸಿದ.